ಕರೆಯದೆ ಬಂದ ಫೈಲು

ಜುಲೈ 8, 2024, ಸೋಮವಾರ

ಅಡ್ಮಿಷನ್ ಗದ್ದಲದ ನಡುವೆ ಆಫೀಸಿನ ಕಂಪ್ಯೂಟರ್ ತೆವಳುತ್ತಿದೆ ಎಂದು ಗುಮಾಸ್ತರು ಲ್ಯಾಬಿಗೇ ಬಂದು ಕರೆದರು. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟ ತೆರೆದೆ. ಅವರ ಕಣ್ಣು ನೇರ ‘ಎಸ್‌ವಿಸಿಹೋಸ್ಟ್’ ಮೇಲೆ ಬಿತ್ತು. “ಒಂದೇ ಹೆಸರು ಇಷ್ಟು ಸಾಲು ಇದೆಯಲ್ಲ ಸಾರ್, ವೈರಸ್ಸೇ ಇರಬೇಕು. ತೆಗೆದುಬಿಡಿ.”

ಅದು ವಿಂಡೋಸಿನದೇ. ಹಿನ್ನೆಲೆಯ ಸೇವೆಗಳನ್ನು ನಡೆಸುವುದು ಅದರ ಕೆಲಸ, ಹತ್ತಾರು ಸಾಲಿರುವುದು ಸಹಜ. ಆದರೆ ನಡುವೆ ಒಂದರಲ್ಲಿ ಅಕ್ಷರ ಅದಲುಬದಲು: ‘ಎಸ್‌ಸಿವಿಹೋಸ್ಟ್’. ಎಲ್ಲಿದೆ ನೋಡಿದೆ. ಅಸಲಿಯ ಮನೆ ಸಿಸ್ಟಂ32 ಫೋಲ್ಡರ್. ಇದು ಟೆಂಪ್ ಫೋಲ್ಡರಿನಲ್ಲಿ ಕೂತಿತ್ತು. ನೆಟ್‌ವರ್ಕ್ ವೈರು ಕಿತ್ತೆ. ಫೈಲನ್ನು ಮಾತ್ರ ಅಳಿಸಲಿಲ್ಲ. ಅದು ಏನೆಂದೇ ಗೊತ್ತಾಗದೆ ಅಳಿಸಿದರೆ ಏನೇನು ಹಾಳಾಗಿದೆ ಎಂಬುದೂ ಗೊತ್ತಾಗುವುದಿಲ್ಲ.

ಜುಲೈ 9, ಮಂಗಳವಾರ

ಪ್ರಾಪರ್ಟೀಸ್‌ನಲ್ಲಿ ಡಿಜಿಟಲ್ ಸಹಿ ಇಲ್ಲ. ಇದೊಂದರಿಂದಲೇ ತೀರ್ಪು ಕೊಡಲಾಗದು. ಸಾಚಾ ಉಚಿತ ತಂತ್ರಾಂಶಗಳು ಎಷ್ಟೋ ಸಹಿಯಿಲ್ಲದೆ ಬರುತ್ತವೆ. ಸಹಿ ಇದ್ದ ಮಾತ್ರಕ್ಕೆ ಸಾಚಾ ಎಂದೂ ಅಲ್ಲ. 2010ರಲ್ಲಿ ಸಿಕ್ಕಿಬಿದ್ದ ಕುತಂತ್ರಾಂಶ ಸ್ಟಕ್ಸ್‌ನೆಟ್, ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳಿಂದ ಕದ್ದ ಸಹಿಯನ್ನೇ ಹಾಕಿಕೊಂಡು ತಿರುಗುತ್ತಿತ್ತು.

ಹಾಗಾಗಿ ಹ್ಯಾಶ್ ತೆಗೆದೆ. ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಆಜ್ಞೆ ಕೊಟ್ಟರೆ ಫೈಲಿನ ಎಸ್‌ಎಚ್‌ಎ-256 ಗುರುತು, 64 ಅಕ್ಷರಗಳ ಸಾಲು, ಬರುತ್ತದೆ. ಫೈಲಿನ ಹೆಸರು ಬದಲಿಸಿದರೂ ಅದು ಬದಲಾಗದು. ಒಳಗೆ ಒಂದು ಬಿಟ್ ಬದಲಾದರೆ ಪೂರ್ತಿ ಬೇರೆಯಾಗುತ್ತದೆ. ಆ ಸಾಲನ್ನು ಲ್ಯಾಬಿನ ಕಂಪ್ಯೂಟರಿನಿಂದ, ಫೈಲುಗಳನ್ನು ಹಲವು ಆಂಟಿವೈರಸ್‌ಗಳಿಂದ ಪರೀಕ್ಷಿಸುವ ತಾಣವಾದ ವೈರಸ್‌ಟೋಟಲ್‌ನಲ್ಲಿ ಹುಡುಕಿದೆ. ಹಲವು ಆಂಟಿವೈರಸ್‌ಗಳು ಅದನ್ನು ಪಾಸ್‌ವರ್ಡ್ ಕಳ್ಳನೆಂದು ಆಗಲೇ ಗುರುತಿಸಿದ್ದವು. ಏನೂ ಸಿಗದೇ ಹೋಗಿದ್ದರೂ ಸಮಾಧಾನಪಡುವಂತಿರಲಿಲ್ಲ. ಯಾರೂ ಅದನ್ನು ಅಲ್ಲಿ ತೋರಿಸಿಲ್ಲ ಎಂದಷ್ಟೇ ಅರ್ಥವಾಗುತ್ತಿತ್ತು.

ಹ್ಯಾಶ್ ಸಾಕಾಗುವಾಗ ಫೈಲನ್ನೇ ಅಲ್ಲಿಗೆ ಏರಿಸುವ ಅಭ್ಯಾಸ ನನಗೆ ಹಿಡಿಸದು. ಏರಿಸಿದ್ದು ಅಲ್ಲಿನ ಚಂದಾದಾರರ ಕೈಗೂ ಸಿಗುತ್ತದೆ. ಮಕ್ಕಳ ಆಧಾರ್, ಅಂಕಪಟ್ಟಿ ತುಂಬಿರುವ ಕಂಪ್ಯೂಟರಿನಿಂದ ಅನುಮಾನ ಬಂದ ಪಿಡಿಎಫನ್ನೆಲ್ಲ ಹಾಗೆ ಕಳಿಸಿದರೆ, ಕಳ್ಳನ ಕೆಲಸವನ್ನು ನಾವೇ ಮಾಡಿಕೊಟ್ಟ ಹಾಗೆ.

ಜುಲೈ 11, ಗುರುವಾರ

ಅಡ್ಮಿಷನ್ ಪಟ್ಟಿಗಳನ್ನು ತಪಾಸಿಸಿ ಬೇರೆಡೆ ಇಟ್ಟು, ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆ. ಗುಮಾಸ್ತರ ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಂಪ್ಯೂಟರಿನಿಂದ ಬದಲಾಯಿಸಿದೆ. ಫೈಲ್ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿದೆ. ವಿಂಡೋಸ್ ಅದನ್ನು ತಾನಾಗಿಯೇ ಮರೆಮಾಡುತ್ತದೆ. 2000ದ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಆ ಮರೆಯಲ್ಲೇ, ಪ್ರೇಮಪತ್ರದ ಟಿಎಕ್ಸ್‌ಟಿ ಫೈಲಿನಂತೆ ಕಂಡು, ಲೋಕವನ್ನೆಲ್ಲ ಸುತ್ತಿತು.

ಜುಲೈ 20, ಶನಿವಾರ

ನಿನ್ನೆಯಿಂದ ಎಲ್ಲೆಲ್ಲೂ ನೀಲಿ ಪರದೆ. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರಂತೆ. ಕಾರಣ ವೈರಸ್ಸಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಕಂಪನಿಯೇ ಕಳಿಸಿದ ದೋಷಪೂರಿತ ಅಪ್‌ಡೇಟ್.

ಗುಮಾಸ್ತರು ಫೋನ್ ಹಿಡಿದೇ ಬಂದರು. ‘ಸಿ-00000291’ ಎಂದು ಶುರುವಾಗುವ ಸಿಸ್ ಫೈಲನ್ನು ಸೇಫ್ ಮೋಡ್‌ನಲ್ಲಿ ಅಳಿಸಿ ಎಂದು ವಾಟ್ಸಾಪ್ ಸಂದೇಶ. ನನಗೆ 2002ರ ಟೆಡ್ಡಿ ಕರಡಿ ನೆನಪಾಯಿತು. ಕರಡಿಯ ಚಿತ್ರವೇ ಐಕಾನ್ ಆಗಿದ್ದ ‘ಜೆಡಿಬಿಜಿಎಂಜಿಆರ್’ ಫೈಲು ವೈರಸ್, ತಕ್ಷಣ ಅಳಿಸಿ ಎಂದು ಇ-ಮೇಲ್ ಹರಿದಾಡಿ, ಮೈಕ್ರೋಸಾಫ್ಟಿನದೇ ನಿರುಪದ್ರವಿ ಫೈಲನ್ನು ಎಷ್ಟೋ ಜನ ತಾವೇ ಕಿತ್ತುಹಾಕಿದ್ದರು. ಧಾಟಿ ಎರಡರದೂ ಒಂದೇ. ಅದು ಹಸಿ ಸುಳ್ಳು. ಇದು ನಿಜ, ಕಂಪನಿಯೇ ಹೇಳಿದ ಪರಿಹಾರ.

“ಹಾಗಾದರೆ ನಾವೂ ಅಳಿಸೋಣವಾ ಸಾರ್?”

ಆ ಕಂಪನಿಯ ತಂತ್ರಾಂಶ ನಮ್ಮಲ್ಲಿಲ್ಲ, ಡ್ರೈವರ್ಸ್ ಫೋಲ್ಡರಿನಲ್ಲಿ ಅದರ ಹೆಸರಿನ ಫೋಲ್ಡರೂ ಇಲ್ಲ ಎಂದು ತೆರೆದು ತೋರಿಸಿದೆ. ಕೆಟ್ಟು ನಿಂತವು 85 ಲಕ್ಷ ಕಂಪ್ಯೂಟರುಗಳೆಂದು ಮೈಕ್ರೋಸಾಫ್ಟಿನ ಅಂದಾಜು. ಒಟ್ಟು ವಿಂಡೋಸ್ ಕಂಪ್ಯೂಟರುಗಳಲ್ಲಿ ಅದು ಶೇ. 1ಕ್ಕಿಂತ ಕಡಿಮೆ. ನಮ್ಮವು ಉಳಿದವುಗಳ ಪಾಲಿನವು.