ಚೀಟಿಯ ಆಯಸ್ಸು

ಎಪ್ಪತ್ತರ ದಶಕದ ಕೊನೆಯ ತಿಪಟೂರಿನಲ್ಲಿ ನಾವು ನುಂಗುತ್ತಿದ್ದ ಔಷಧಿಗೆ ಹೆಸರಿರಲಿಲ್ಲ. ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಕಿಂಡಿಯಾಚೆ ನಿಂತ ಕಾಂಪೌಂಡರಿಗೆ ಏನೋ ಹೇಳುತ್ತಿದ್ದರು. ಮನೆಯಿಂದ ತೊಳೆದು ತಂದ ಬಾಟಲಿಗೆ ಆತ ಕೆಂಪು ಮಿಕ್ಸ್ಚರ್ ಸುರಿದು, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದ. ಒಂದು ಹಲ್ಲಿಗೆ ಒಂದು ವೇಳೆ. ಜೊತೆಗೆ ಮೂರು ದಿನದ ಪುಡಿಯ ಪೊಟ್ಟಣ. ಮುಗಿದರೆ ಮುಗಿಯಿತು, ಇನ್ನೂ ಬೇಕೆಂದರೆ ಮತ್ತೆ ಹೋಗಿ ಡಾಕ್ಟರ ಮುಂದೆ ಕೂರಬೇಕು.

ಆ ಕಾಲ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಪುಡಿಯಲ್ಲಿ ಏನಿದೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಉಬ್ಬಸಕ್ಕೆ, ಮಂಡಿನೋವಿಗೆ ಸ್ಟೀರಾಯ್ಡ್ ಅರೆದು ಪೊಟ್ಟಣ ಕಟ್ಟುವವರಿದ್ದರು. ಕೆಲವು ವಾರಗಳಲ್ಲಿ ರೋಗಿಯ ಮುಖ ದುಂಡಗಾದರೆ 'ಮೈ ಹಿಡಿದಿದೆ' ಎಂದು ಮನೆಮಂದಿ ಸಂತೋಷಪಡುತ್ತಿದ್ದರು. ತಲೆನೋವಿಗೆ ನುಂಗುತ್ತಿದ್ದ ಎಪಿಸಿ ಮಾತ್ರೆಯಲ್ಲಿ ಆಸ್ಪಿರಿನ್, ಕೆಫೀನ್ ಜೊತೆಗೆ ಫೆನಾಸಿಟಿನ್ ಕೂಡ ಇತ್ತು. ಮೂತ್ರಪಿಂಡ ಕೆಡಿಸುವ ಆ ಫೆನಾಸಿಟಿನ್ ನಮ್ಮಲ್ಲಿ ನಿಷೇಧವಾದದ್ದು 1983ರಲ್ಲಿ.

ಆಮೇಲೆ ಬಸ್ ಸ್ಟ್ಯಾಂಡಿನ ಸುತ್ತ ಮೆಡಿಕಲ್ ಶಾಪುಗಳೆದ್ದವು. ಡಾಕ್ಟರು ಬರೆಯುವವರಾದರು, ಅಂಗಡಿಯವರು ಕೊಡುವವರಾದರು, ಔಷಧಿಯ ಹೆಸರು ಸ್ಟ್ರಿಪ್ಪಿನ ಮೇಲೆ ಬಂತು. ನುಂಗುವುದು ಏನೆಂದು ತಿಳಿಯುವುದು ರೋಗಿಯ ಹಕ್ಕು, ಅದು ಸಿಕ್ಕಿದ್ದು ಒಳ್ಳೆಯದೇ. ಆದರೆ ಎಷ್ಟು ದಿನ ಎಂಬ ಲೆಕ್ಕ ತಪ್ಪಿಹೋಯಿತು. ಬಾಟಲಿ ಖಾಲಿಯಾಗುತ್ತಿತ್ತು, ಚೀಟಿ ಖಾಲಿಯಾಗುವುದಿಲ್ಲ.

ಸೋದರತ್ತೆಗೆ ಗಂಡ ತೀರಿಕೊಂಡಾಗ ಆಲ್ಪ್ರಾಜೋಲಾಮ್ 0.25 ಬರೆದುಕೊಟ್ಟಿದ್ದರು, ಹದಿನೈದು ದಿನಕ್ಕೆ. ಬರೆದದ್ದು ತಪ್ಪಲ್ಲ, ಅಂಥ ದುಃಖದಲ್ಲಿ ಕೆಲವು ದಿನ ನಿದ್ದೆಗೆ ಆಸರೆ ಬೇಕಾಗುತ್ತದೆ. ಆದರೆ ಚೀಟಿ ಹರಿಯದಿರಲೆಂದು ಮಗ ಅದನ್ನು ಲ್ಯಾಮಿನೇಟ್ ಮಾಡಿಸಿಕೊಟ್ಟ. ಕ್ರಮೇಣ ಅಂಗಡಿಯವರು ಅದನ್ನು ನೋಡುವುದನ್ನೂ ಬಿಟ್ಟರು. ಅತ್ತೆ ಮೆಟ್ಟಿಲ ಬಳಿ ಕಂಡರೆ ಸಾಕು, ಸ್ಟ್ರಿಪ್ ಹೊರಗೆ ಬರುತ್ತಿತ್ತು. ವರ್ಷಗಳು ಹೋದವು. ಒಂದು ಮಾತ್ರೆಗೆ ನಿದ್ದೆ ಬಾರದಾಗಿ ಎರಡಾಯಿತು. ಬೆಳಗಿನ ಮಂಪರು, ಮೊಮ್ಮಕ್ಕಳ ಹೆಸರು ತಪ್ಪುವುದು, ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದದ್ದು, ಎಲ್ಲವೂ ವಯಸ್ಸಿನ ಲೆಕ್ಕಕ್ಕೆ ಸೇರಿತು.

ಒಂದು ಮದುವೆಗೆ ಪರಊರಿಗೆ ಹೋದಾಗ ಅತ್ತೆ ಮಾತ್ರೆ ಮರೆತರು. ಎರಡನೇ ರಾತ್ರಿ ಕೈನಡುಕ, ಬೆವರು, ಎದೆ ಡವಡವ, ಕಣ್ಣು ಮುಚ್ಚಲಾಗದ ದಿಗಿಲು. ಬಿಪಿ ಇರಬೇಕೆಂದು ಎಲ್ಲರೂ ಓಡಾಡಿದರು. ಆಸ್ಪತ್ರೆಯಲ್ಲಿದ್ದ ಕಿರಿಯ ಡಾಕ್ಟರು ಮಾತ್ರ, 'ದಿನಾ ಏನೇನು ನುಂಗ್ತೀರಮ್ಮ? ಎಲ್ಲಾ ಹೇಳಿ' ಎಂದು ಕೇಳಿದರು. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕಿನ ಕೆಲಸ ಮಾಡುತ್ತದೆ, ಈ ಮಾತ್ರೆ ಆ ಬ್ರೇಕನ್ನು ಇನ್ನಷ್ಟು ಬಿಗಿ ಮಾಡುತ್ತದೆ. ತಿಂಗಳುಗಟ್ಟಲೆ ನುಂಗಿದರೆ ಮಿದುಳು ಅದಕ್ಕೇ ಹೊಂದಿಕೊಳ್ಳುತ್ತದೆ. ಆಗ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಹಾಗಾಗಿ ಡಾಕ್ಟರು ಮಾತ್ರೆಯನ್ನು ಕಿತ್ತುಕೊಳ್ಳಲಿಲ್ಲ. ಸ್ವಲ್ಪಸ್ವಲ್ಪವೇ ಇಳಿಸುತ್ತ ಹಲವು ತಿಂಗಳಲ್ಲಿ ಬಿಡಿಸಿದರು. ಅತ್ತೆಗೆ ಮೊದಲಿನ ನಿದ್ದೆ ಪೂರ್ತಿ ಮರಳಲಿಲ್ಲ. ಹೆಸರುಗಳು ಮರಳಿದವು.

ಇದನ್ನು ತಡೆಯುವ ನಿಯಮ ಹೊಸದಾಗಿ ಬರಬೇಕಾಗಿಯೇ ಇರಲಿಲ್ಲ. 1945ರ ಔಷಧ ನಿಯಮಗಳಲ್ಲೇ ಅದಿದೆ. ಡಾಕ್ಟರು ಬೇರೆ ರೀತಿ ಬರೆಯದ ಹೊರತು ಶೆಡ್ಯೂಲ್ ಎಚ್ ಔಷಧಿಯ ಚೀಟಿಗೆ ಒಂದೇ ಸಲ ಮಾತ್ರೆ ಕೊಡಬೇಕು. ಕೊಟ್ಟ ಅಂಗಡಿಯ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆಯೇ ನಮೂದಿಸಬೇಕು. 2014ರ ಮಾರ್ಚಿನಿಂದ ಶೆಡ್ಯೂಲ್ ಎಚ್1 ಎಂಬ ಇನ್ನೂ ಬಿಗಿಯಾದ ಪಟ್ಟಿ ಜಾರಿಗೆ ಬಂತು. ಆಗ ಅದರಲ್ಲಿದ್ದ 46 ಔಷಧಿಗಳಲ್ಲಿ ಆಲ್ಪ್ರಾಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಸೇರಿದ್ದವು. ಯಾವ ಡಾಕ್ಟರು ಬರೆದರು, ಯಾರಿಗೆ ಎಷ್ಟು ಕೊಟ್ಟೆ ಎಂಬುದನ್ನು ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಲ್ಯಾಮಿನೇಟ್ ಮಾಡಿದ ಚೀಟಿಯ ಮೇಲೆ ಯಾವ ಅಂಗಡಿಯವನೂ ತಾರೀಖು ಬರೆಯಲಾರ. ಅಂಥ ಚೀಟಿ ಕೌಂಟರಿಗೆ ಬಂದ ಮೊದಲ ದಿನವೇ ಯಾರಾದರೂ ತಡೆಯಬೇಕಿತ್ತು.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆ, ವೈದ್ಯರ ಸಲಹೆಯಿಲ್ಲದೆ ನಿದ್ದೆ ಮತ್ತು ಮಂಪರಿನ ಔಷಧಿ ಬಳಸುವವರು ದೇಶದಲ್ಲಿ ಸುಮಾರು 1.18 ಕೋಟಿ ಎಂದು ಅಂದಾಜಿಸಿತು. ಪೊಲೀಸರು ಟಪೆಂಟಡಾಲ್ ನೋವಿನ ಮಾತ್ರೆಯ ರಾಶಿ ಹಿಡಿದು ಫೋಟೋ ತೆಗೆಸಿಕೊಂಡಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಆಗಲೇಬೇಕು. ಆ ಮಾತ್ರೆ ಕರಗಿಸಿ ರಕ್ತನಾಳಕ್ಕೆ ಚುಚ್ಚಿಕೊಳ್ಳುವ ಹುಡುಗರು ಸಾಯುತ್ತಿದ್ದಾರೆ. ಆದರೆ ದಿಂಬಿನಡಿ ಸ್ಟ್ರಿಪ್ ಇಟ್ಟುಕೊಂಡು ಮಲಗುವ ಹಿರಿಯರದು ಸುದ್ದಿಯೇ ಅಲ್ಲ. ಸೊಂಟ ಮುರಿದು ಬಂದವರನ್ನು ರಾತ್ರಿ ಏನು ನುಂಗಿದ್ದಿರಿ ಎಂದು ಕೇಳುವವರು ಕಡಿಮೆ.

ಈಗ ಚೀಟಿ ಮೊಬೈಲಿಗೆ ಬಂದಿದೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಮಾತ್ರೆ ಮನೆಬಾಗಿಲಿಗೆ. ನಡೆಯಲಾಗದವರಿಗೆ ಇದರಿಂದ ನಿಜವಾದ ಉಪಕಾರವಿದೆ. ಆದರೆ ಒಂದೇ ಫೋಟೋ ಹತ್ತು ಅಂಗಡಿಗೆ ಹೋಗಬಲ್ಲದು, ಅದರ ಮೇಲೆ ಯಾರ ಮೊಹರೂ ಬೀಳುವುದಿಲ್ಲ.

ನಾನು ಔಷಧಿ ತರುವ ಅಂಗಡಿಯಲ್ಲಿ ಡಿ.ಫಾರ್ಮಾ ಓದಿದ ಹೆಣ್ಣುಮಗಳೊಬ್ಬಳು ಕೂರುತ್ತಾಳೆ. ಹಳೆಯ ಚೀಟಿ ಕೊಟ್ಟರೆ ತಾರೀಖು ನೋಡಿ, 'ಡಾಕ್ಟರಿಗೆ ಮತ್ತೆ ತೋರಿಸಿ ಬನ್ನಿ' ಎಂದು ಹಿಂದಿರುಗಿಸುತ್ತಾಳೆ. ಕೆಲವರು ಗೊಣಗುತ್ತ ಪಕ್ಕದ ಅಂಗಡಿಗೆ ನಡೆಯುತ್ತಾರೆ, ಅಲ್ಲಿ ಸಿಗುತ್ತದೆ. ಹಾಗೆ ಹೋಗುವ ಗಿರಾಕಿಗಳ ಬಗ್ಗೆ ಮಾಲೀಕರು ಅವಳನ್ನು ಆಕ್ಷೇಪಿಸಿದ್ದನ್ನೂ ಕೇಳಿದ್ದೇನೆ. ಅವಳು ರಿಜಿಸ್ಟರು ತೆರೆದು, ಇನ್ಸ್‌ಪೆಕ್ಟರ್ ಬಂದು ಕೇಳಿದರೆ ಇಲ್ಲಿ ಯಾರ ಹೆಸರು ಬರೆಯಲಿ ಎಂದು ಅವರನ್ನೇ ಕೇಳಿದಳು. ಮಾಲೀಕರು ಮುಂದೆ ಮಾತಾಡಲಿಲ್ಲ. ಪಕ್ಕದ ಅಂಗಡಿಯಲ್ಲೂ ಅಂಥ ರಿಜಿಸ್ಟರು ಇರಲೇಬೇಕು. ಅದನ್ನು ತೆರೆದು ನೋಡುವ ಕೆಲಸ ಔಷಧ ನಿಯಂತ್ರಣ ಇಲಾಖೆಯದು.