ಬೆಂಗಳೂರಾಗ ಕೊಟ್ಟ ರೊಕ್ಕ ಯಾರಿಗೆ ಮುಟ್ತೈತಿ?

ನಮ್ಮ ಬಾಗಲಕೋಟೆ ಕಡೆಯಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟವರ ಚೀಲ ನೋಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮನೆಯ ಜೋಳ. ಯಾರ ಹೊಲದ್ದು, ಯಾರು ಬಡಿದದ್ದು ಎಂದು ಎಲ್ಲದಕ್ಕೂ ಉತ್ತರ ಇರುತ್ತದೆ. ಅದೇ ಜನ ವಾಪಸು ಬರುವಾಗಿನ ಚೀಲ ನೋಡಿ. ಒಂದಕ್ಕೆ ಒಂದು ಫ್ರೀ ಬಂದ ಅಂಗಿ, ಮಿಂಚುವ ಸೀರೆ, ಎರಡು ದಿನಕ್ಕೆ ಗಾಲಿ ಕಳಚುವ ಪ್ಲಾಸ್ಟಿಕ್ ಕಾರು. ಒಂದಕ್ಕೂ ಮಾಡಿದವರ ಹೆಸರಿಲ್ಲ, ಊರಿಲ್ಲ.

ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಈಗ ಒಂದು ಬಗೆಯ ಪಟ್ಟಿ ಆಗಾಗ ಬರುತ್ತದೆ. ಪರಿಸರಕ್ಕೆ ಹಾನಿ ಇಲ್ಲದ, ಮಾಡಿದವರಿಗೆ ಮೋಸ ಇಲ್ಲದ ವಸ್ತು ಎಲ್ಲೆಲ್ಲಿ ಸಿಗುತ್ತದೆ ಅಂತ. ಬಿದಿರಿನ ಹಲ್ಲುಜ್ಜುವ ಬ್ರಷ್, ಸಾವಯವ ಹತ್ತಿಯ ಕುರ್ತಾ. ಬೆಲೆ ನೋಡಿದರೆ ಅದು ನಮ್ಮಂಥವರಿಗೆ ಬರೆದದ್ದಲ್ಲ ಅಂತ ಗೊತ್ತಾಗುತ್ತದೆ. ಮಗನೋ ಮಗಳೋ ಬೆಂಗಳೂರಿನಲ್ಲಿ ದುಡಿಯುವ ಮನೆಗಳಿಗೆ ಹೊಂದುವಂಥ ಪಟ್ಟಿಯನ್ನು ನಾನು ಎಲ್ಲೂ ನೋಡಿಲ್ಲ. ಹೋದ ವರ್ಷ ನಮ್ಮ ಚಿಗವ್ವನ ಮಗಳ ಮದುವೆ ಸಂತೆ ಮಾಡಿಸುವಾಗ ಅಂಥದ್ದೊಂದು ಪಟ್ಟಿ ತಾನಾಗಿಯೇ ತಯಾರಾಯಿತು. ಅದನ್ನೇ ಬರೆಯುತ್ತಿದ್ದೇನೆ.

ಮಗ್ಗದ ಮನೆಯ ಮಗಳು, ಮಷಿನ್ ಮುಂದೆ

ತಂಗಿ ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಕುಣಿಮಗ್ಗದ ಸಪ್ಪಳ ಕೇಳುತ್ತಲೇ ಬೆಳೆದವಳು. ಮಗ್ಗದಿಂದ ಮನೆ ನಡೆಯುವುದು ಕಷ್ಟವಾದಾಗ ಬೆಂಗಳೂರಿನ ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್ ಸೇರಿದಳು. ದಿನವಿಡೀ ಅಂಗಿಯ ಕಾಲರ್ ಹೊಲಿಯುವುದು ಅವಳ ಕೆಲಸ. ತಾಸಿಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ತಪ್ಪಿದರೆ ಸೂಪರ್‌ವೈಸರನ ಬಾಯಿ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ಎಲ್ಲಿಯ ಗಾರ್ಮೆಂಟ್ಸ್ ಗೇಟಿನ ಮುಂದೆ ಸಂಜೆ ನಿಂತರೂ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೇ ಹೊರಗೆ ಬರುತ್ತಾರೆ. 2016ರ ಏಪ್ರಿಲ್ 18 ಮತ್ತು 19ರಂದು ಇವರೇ ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಿದ್ದರು. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಗಾರ್ಮೆಂಟ್ಸಿನಲ್ಲಿ 58ರವರೆಗೆ ದುಡಿಯುವವರು ಎಷ್ಟು ಜನ? ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಅವರ ಉಳಿತಾಯ, ಮಗಳ ಮದುವೆ, ಮನೆಯ ಚಾವಣಿ. ಎರಡೇ ದಿನದಲ್ಲಿ ಸರ್ಕಾರ ನಿಯಮ ವಾಪಸು ಪಡೆಯಿತು. ಅಂಗಡಿಯಲ್ಲಿ ಅಂಗಿಯ ಬೆಲೆ ಮಾತ್ರ ನೋಡುವವರಿಗೆ, ಅದರ ಹಿಂದೆ ಇಷ್ಟು ಜನ ಇದ್ದಾರೆ ಅಂತ ಆ ಎರಡು ದಿನ ಕಾಣಿಸಿತು.

"ಹಂಗಾದ್ರ ಗಾರ್ಮೆಂಟ್ಸ್ ಅಂಗಿ ಕೊಳ್ಳೋದ ಬ್ಯಾಡೇನು?" ಎಂದು ತಂಗಿಯನ್ನು ಕೇಳಿದೆ.

"ಕೊಳ್ಳದಿದ್ರ ನಮ್ಮ ಕೆಲಸಾನ ಹೋಗ್ತೈತಲ್ಲ ಅಣ್ಣಾ," ಅಂದಳು. "ಕೊಳ್ರಿ. ಆದ್ರ ನೂರು ರೂಪಾಯ್ದ ಐದು ತಗೊಂಡು ಮೂರು ಸಲ ತೊಳೆದು ಒಗೀಬ್ಯಾಡ್ರಿ. ಚಲೋದು ಒಂದು ತಗೊಂಡು ನಾಕು ವರ್ಷ ಉಡ್ರಿ."

ಹೊಲಿಗೆ ನೋಡುವುದನ್ನೂ ಅವಳೇ ಹೇಳಿಕೊಟ್ಟಳು. ಅಂಗಿಯನ್ನು ಒಳಮಗ್ಗಲು ಮಾಡಿ. ಅಂಚಿನಲ್ಲಿ ದಾರ ಜೋತುಬಿದ್ದಿದೆಯಾ ನೋಡಿ. ಹೊಲಿಗೆ ಇರುವ ಕಡೆ ಎರಡೂ ಬದಿ ಮೆಲ್ಲಗೆ ಎಳೆದು ನೋಡಿ, ಸಂದಿ ಬಿಟ್ಟರೆ ಅದು ಅವಸರದ ಮಾಲು. ಅವಸರದ ಮಾಲು ಎಂದರೆ ಟಾರ್ಗೆಟ್ಟಿನ ಒತ್ತಡದಲ್ಲಿ ಹೊಲಿದದ್ದು. ಅವಳಿಗೆ ಅದು ಬಟ್ಟೆ ನೋಡಿದರೇ ಗೊತ್ತಾಗುತ್ತದೆ.

ಕೊಂಡಿ ಎಲ್ಲೈತ್ರಿ?

ಮದುವೆ ಬಟ್ಟೆಗೆ ಅಂತ ಅವಳು ಕೂಡಿಸಿಟ್ಟದ್ದು ಹನ್ನೆರಡು ಸಾವಿರ. ಅವ್ವನಿಗೆ ಮತ್ತು ಆಗುವ ಅತ್ತೆಗೆ ಒಂದೊಂದು ಸೀರೆ, ಕುಪ್ಪಸದ ಖಣ, ಮದುಮಗನಿಗೆ ಜುಬ್ಬಾ, ಅಪ್ಪನಿಗೆ ಚಪ್ಪಲಿ, ಅಣ್ಣನ ಕೂಸಿಗೆ ಒಂದು ಆಟಿಕೆ. ಊರಿಗೆ ಹೋಗಿ ಕೊಳ್ಳುವಷ್ಟು ರಜೆ ಇಲ್ಲ. ಒಂದು ದಿನ ರಜೆ ಹಾಕಿದರೂ ಆ ತಿಂಗಳ ಹಾಜರಾತಿ ಬೋನಸ್ ಹೋಗುತ್ತದೆ. ಆ ಒಂದು ದಿನದಲ್ಲಿ ಎಲ್ಲ ಮುಗಿಸಬೇಕಿತ್ತು.

ಮೊದಲು ಹೋದದ್ದು ಪೇಟೆಯ ಒಂದು ದೊಡ್ಡ ಸೀರೆ ಅಂಗಡಿಗೆ. "ಅಪ್ಪಟ ಇಳಕಲ್ ಕೈಮಗ್ಗ" ಎಂದು ಹುಡುಗ ಹತ್ತು ಸೀರೆ ಹರವಿದ. ಬೆಲೆ ಒಂಬೈನೂರರಿಂದ ಶುರು. ತಂಗಿ ಸೆರಗು ಬಿಚ್ಚಿ, ಒಡಲಿಗೆ ಸೆರಗು ಕೂಡುವ ಜಾಗಕ್ಕೆ ಬೆರಳಿಟ್ಟು ಕೇಳಿದಳು: "ಕೊಂಡಿ ಎಲ್ಲೈತ್ರಿ ಇದಕ್ಕ?"

ಹುಡುಗ ಮಾಲೀಕನ ಮುಖ ನೋಡಿದ. ಮಾಲೀಕ ಬೇರೆ ಗಿರಾಕಿ ಕಡೆ ತಿರುಗಿದ.

ಇಳಕಲ್ ಸೀರೆಯ ಗುಟ್ಟು ಆ ಕೊಂಡಿಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದ್ದು, ಸೆರಗು ರೇಷ್ಮೆಯದ್ದು ಇರಬಹುದು. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಹಾಗಾಗಿ ಒಂದು ಸೀರೆ ಬೇಕೆಂದರೆ ಆ ಒಂದು ಸೀರೆಯ ಅಳತೆಗೇ ಹಾಸು ಹೂಡಬೇಕು. ಕೆಂಪು ಬಿಳಿ ಟೋಪ್ ತೆನಿ ಸೆರಗು, ಚಿಕ್ಕಿ ಪರಾಸ, ಗೋಮಿ, ಗಾಡಿ ದಡಿ, ಇವನ್ನೆಲ್ಲ ನೋಡಿ ಮಾಡಬಹುದು. ಬಣ್ಣ ಮತ್ತು ನಮೂನೆ ನಕಲು ಮಾಡುವುದು ಸುಲಭ, ಕೊಂಡಿ ಸುಲಭವಲ್ಲ.

ಬೆಲೆಯಲ್ಲೂ ತಿಳಿಯಬೇಕಾದದ್ದಿದೆ. ಕೈಮಗ್ಗದ ಇಳಕಲ್ ಸೀರೆಯಲ್ಲೇ ನಿಜವಾದ ರೇಷ್ಮೆ ಹಾಕಿದ್ದು ಇದೆ, ನಮ್ಮ ಕಡೆ ಚಮಕಾ ಅನ್ನುವ ಕೃತಕ ರೇಷ್ಮೆ ಹಾಕಿದ್ದೂ ಇದೆ. ಚಮಕಾ ಸೀರೆ ಅಗ್ಗ. ಅದು ಮೋಸವಲ್ಲ. ಚಮಕಾ ಎಂದು ಹೇಳಿ ಮಾರಿದರೆ ವ್ಯಾಪಾರ, ರೇಷ್ಮೆ ಎಂದು ಹೇಳಿ ಮಾರಿದರೆ ಮೋಸ.

ಸಂಶಯ ಇದ್ದರೆ ಸೆರಗಿನ ತುದಿಯ ಎರಡು ಎಳೆ ಕೇಳಿ ತಗೊಂಡು ಸುಟ್ಟು ನೋಡಬಹುದು. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಹಾಗಾದರೆ ಎಲ್ಲಿ ಕೊಳ್ಳಬೇಕು?

ಬೆಂಗಳೂರಿನಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ಸರ್ಕಾರಿ ಶಾಲೆಯ ನಮ್ಮ ಮಕ್ಕಳಿಗೆ ಸಮವಸ್ತ್ರದ ಬಟ್ಟೆ ನೇಯಿಸಿದ್ದೂ ಇದೇ ನಿಗಮ. ಮಳಿಗೆಯ ದೀಪ, ಹವೆ ಖಾಸಗಿ ಅಂಗಡಿಯಷ್ಟು ಝಗಮಗ ಇರಲಿಲ್ಲ. ಆದರೆ ಸೀರೆ ಯಾವ ಕಡೆಯದು ಎಂದು ಕೇಳಿದರೆ ಅಲ್ಲಿದ್ದ ಅಕ್ಕನವರು ಹೇಳಿದರು. ಅವ್ವನ ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಅಲ್ಲೇ ಆಯಿತು. ಖಣ ಕೈಗೆತ್ತಿಕೊಂಡಾಗ ತಂಗಿಯ ಮುಖದಲ್ಲಿ ಬಂದ ಗೆಲುವು ಇಡೀ ದಿನದಲ್ಲಿ ಬೇರೆ ಎಲ್ಲೂ ಬರಲಿಲ್ಲ.

ಕೂಸಿನ ಆಟಿಕೆಗೆ ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂಗೆ ಹೋದೆವು. ಅದು ರಾಜ್ಯದ ಕರಕುಶಲ ನಿಗಮದ ಮಳಿಗೆ. ಹೊರಗಿನಿಂದ ನೋಡಿದರೆ ಪ್ರವಾಸಿಗರ ಅಂಗಡಿ ಅನ್ನಿಸುತ್ತದೆ, ಶ್ರೀಗಂಧದ ವಿಗ್ರಹದ ಬೆಲೆ ನಮಗಲ್ಲ. ಆದರೆ ಚನ್ನಪಟ್ಟಣದ ಗೊಂಬೆಗಳಲ್ಲಿ ಸಣ್ಣವು ಕೈಗೆಟಕುತ್ತವೆ. ಆಲೆ ಮರವನ್ನು ತಿರುಗಣಿಗೆ ಹಾಕಿ, ಅರಗಿನ ಬಣ್ಣ ಹಚ್ಚಿ ಮಾಡುವ ಆಟಿಕೆ ಅದು. ಕೂಸು ಬಾಯಿಗೆ ಹಾಕಿಕೊಂಡರೆ ಪ್ಲಾಸ್ಟಿಕ್ಕಿನ ಭಯ ಇಲ್ಲ.

ಅಪ್ಪನ ಚಪ್ಪಲಿಯದು ಬೇರೆಯೇ ಕಥೆ. ಕೊಲ್ಹಾಪುರಿ ಎಂದು ಕರೆದರೂ ಅದು ಕೊಲ್ಹಾಪುರದ್ದಷ್ಟೇ ಅಲ್ಲ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇಂಥದ್ದೇ ಚಪ್ಪಲಿ ತೋರಿಸಿತು. ಎಲ್ಲಿಯದು ಎಂದು ಹೇಳಲಿಲ್ಲ. ಇಲ್ಲಿಂದ ಗದ್ದಲ ಎದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದು ಎಂದು ಒಪ್ಪಿಕೊಂಡಿತು. ಹೆಸರು ಹೇಳದೆ ಮಾರುವುದು ದೊಡ್ಡವರಿಗೂ ಸಲೀಸು ಎನ್ನುವುದಕ್ಕೆ ಇದು ಸಾಕ್ಷಿ. ಅಥಣಿ ಕಡೆಯ ಕೈಕೆಲಸದ ಇಂಥ ಚಪ್ಪಲಿ ಕೇಳುವುದಾದರೆ, ರಾಜ್ಯದ ಚರ್ಮ ಕೈಗಾರಿಕಾ ನಿಗಮದ ಲಿಡ್ಕರ್ ಮಳಿಗೆಯಲ್ಲಿ ಮೊದಲು ಕೇಳಿ.

ಮದುಮಗನ ಜುಬ್ಬಾ ದೇಸಿ ಅಂಗಡಿಯದ್ದು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಎಂಬ ಮಹಿಳಾ ಸಹಕಾರ ಸಂಘ ಇದೆ. ಹಳ್ಳಿಯ ಹೆಣ್ಣುಮಕ್ಕಳೇ ನೇಯ್ದು, ನೈಸರ್ಗಿಕ ಬಣ್ಣ ಹಾಕಿ, ಹೊಲಿದು ಕಳಿಸುತ್ತಾರೆ. ಇದನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ ಅವರು ಕೈಯಿಂದ ಮಾಡಿದ ವಸ್ತುಗಳಿಗೆ ಜಿ.ಎಸ್.ಟಿ. ಬೇಡವೆಂದು 2017ರಲ್ಲಿ ಸತ್ಯಾಗ್ರಹ ಮಾಡಿದ್ದು ನಿಮಗೆ ನೆನಪಿರಬಹುದು. ತಂಗಿ ಜುಬ್ಬಾದ ಹೊಲಿಗೆ ಒಳಮಗ್ಗಲು ಮಾಡಿ ನೋಡಿದಳು. "ಇದನ್ನ ಯಾರೂ ಗಡಿಬಿಡಿ ಮಾಡಿಸಿಲ್ಲ ಅಣ್ಣಾ," ಅಂದಳು.

ದಿನಬಳಕೆಗೆ ಇನ್ನೆರಡು ಜಾಗ ಹೇಳುತ್ತೇನೆ. ತರಕಾರಿ ಹಣ್ಣಿಗೆ ಹಾಪ್‌ಕಾಮ್ಸ್ ಮಳಿಗೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು, ಲಾಲ್‌ಬಾಗಿನಲ್ಲಿ ಅದರ ಮೂಲ. ರೈತರಿಂದ ನೇರ ಕೊಂಡು ಮಾರುತ್ತದೆ. ಸ್ಪರ್ಧಾ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಸಾಲು. ಒಬ್ಬರು ಓದಿ ಬಿಟ್ಟ ಪುಸ್ತಕ ಇನ್ನೊಬ್ಬರ ಕೈಗೆ ಹೋಗುವುದಕ್ಕಿಂತ ಮಿತವ್ಯಯ ಯಾವುದಿದೆ?

ಹನ್ನೆರಡು ಸಾವಿರದ ಲೆಕ್ಕ

ಎಲ್ಲವನ್ನೂ ಹೀಗೆ ಕೊಳ್ಳಲು ಆಗಲಿಲ್ಲ. ಜುಬ್ಬಾ, ಅವ್ವನ ಸೀರೆ, ಖಣ, ಚಪ್ಪಲಿ, ಆಟಿಕೆ ಆಗುವಷ್ಟರಲ್ಲಿ ಹಣ ಕರಗಿತ್ತು. ಅತ್ತೆಯ ಸೀರೆ ಪವರ್‌ಲೂಮಿನದ್ದೇ ಆಯಿತು. ಅದಕ್ಕೆ ತಂಗಿ ಬೇಸರ ಮಾಡಿಕೊಳ್ಳಲಿಲ್ಲ. ಪವರ್‌ಲೂಮ್ ನಡೆಸುವವರೂ ನಮ್ಮ ರಬಕವಿ ಬನಹಟ್ಟಿಯವರೇ, ಅವರ ಮನೆಯಲ್ಲೂ ಒಲೆ ಉರಿಯಬೇಕು. ಅವಳು ಅಂಗಡಿಯವನಿಗೆ ಹೇಳಿದ್ದು ಒಂದೇ ಮಾತು: "ಪವರ್‌ಲೂಮ್ ಅಂತ ಬಿಲ್ಲಿನ್ಯಾಗ ಬರ್ಕೊಡ್ರಿ."

ನನಗೆ ಇಲ್ಲಿ ಕಾಣುವ ವಿಷಯ ಇದು. ಬಡವರು ನೀತಿ ನೋಡಿ ಕೊಳ್ಳಬೇಕು ಎಂದು ಉಪದೇಶ ಮಾಡುವುದು ಸುಲಭ. ತಿಂಗಳ ಕೊನೆಯಲ್ಲಿ ರೇಷನ್ ಲೆಕ್ಕ ಹಾಕುವವರಿಗೆ ಅಗ್ಗ ಅನ್ನುವುದು ಆಸೆಯಲ್ಲ, ಅನಿವಾರ್ಯ. ಆದರೆ ಅಗ್ಗದ ಬೆಲೆಯನ್ನು ಯಾರೋ ಕಟ್ಟಿರುತ್ತಾರೆ, ಬಹಳ ಸಲ ಕಟ್ಟುವವರು ನಮ್ಮ ಮನೆಯವರೇ.

ನಮ್ಮ ಜಿಲ್ಲೆಯ ತುಳಸಿಗೇರಿಯ ಖಾದಿ ಕೇಂದ್ರ ನೋಡಿ. ರಾಷ್ಟ್ರಧ್ವಜದ ಬಟ್ಟೆ ಅಲ್ಲಿ ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅದು ಧ್ವಜವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಮನೆಮನೆಗೂ ಅಗ್ಗದ ಧ್ವಜ ಬಂತು. ಮನೆಮನೆಗೆ ಧ್ವಜ ಬಂದದ್ದು ಒಳ್ಳೆಯದೇ. ಆದರೆ ಚರಕದ ಮುಂದೆ ಕೂತ ಹೆಣ್ಣುಮಗಳು ಪಾಲಿಯೆಸ್ಟರ್ ಜೊತೆ ಬೆಲೆಯಲ್ಲಿ ಹೇಗೆ ಪೈಪೋಟಿ ಮಾಡಬೇಕು?

ಗುರುತುಗಳು, ಪ್ರಶ್ನೆಗಳು

ಅಂಗಡಿಯಲ್ಲಿ ಗುರುತಿನ ಚೀಟಿಗಳು ಗೊಂದಲ ಮಾಡುತ್ತವೆ. ಹ್ಯಾಂಡ್‌ಲೂಮ್ ಮಾರ್ಕ್ ಇದ್ದರೆ ಕೈಮಗ್ಗದ್ದು ಎಂದು ಅರ್ಥ. ಸಿಲ್ಕ್ ಮಾರ್ಕ್ ಇದ್ದರೆ ಶುದ್ಧ ರೇಷ್ಮೆ ಎಂದಷ್ಟೇ ಅರ್ಥ, ಅದು ಯಂತ್ರದಲ್ಲೂ ನೇಯ್ದಿರಬಹುದು. ಖಾದಿ ಮಾರ್ಕ್ ಎಂದರೆ ಕೈಯಿಂದ ನೂತು, ಕೈಯಿಂದ ನೇಯ್ದದ್ದು. ಗಾಂಧಿ ಜಯಂತಿ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ, ಆಗ ಕೊಂಡರೆ ನಮಗೂ ಹಗುರ.

ಚೀಟಿ ಇಲ್ಲದ ಕಡೆ ಬಾಯಿ ಬಿಟ್ಟು ಕೇಳಿ. ಇದು ಯಾವ ಊರಿನದು? ಕೈಯಿಂದ ಮಾಡಿದ್ದೋ ಯಂತ್ರದ್ದೋ? ಅದನ್ನು ಬಿಲ್ಲಿನಲ್ಲಿ ಬರೆದು ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಅಂಗಡಿಯವರು ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಕೊಳ್ಳಲೇಬೇಕೆಂದಿಲ್ಲ, ಕೇಳುವುದಕ್ಕೆ ರೊಕ್ಕ ಬೇಕಿಲ್ಲ.

ಇನ್ನು ಓದುಗರಲ್ಲಿ ನೇಯುವವರು, ಚಪ್ಪಲಿ ಹೊಲಿಯುವವರು, ಹಿಂಡಿ ಕುಟ್ಟಿ ಮಾರುವ ಸಂಘದ ಅಕ್ಕಂದಿರು ಇದ್ದೀರಿ. ನಿಮ್ಮ ವಸ್ತುವಿನ ಮೇಲೆ ನಿಮ್ಮ ಹೆಸರು, ಊರು ಬರೆದ ಒಂದು ಚೀಟಿ ಅಂಟಿಸಿ. ಕೈಬರಹದ್ದಾದರೂ ಆದೀತು. ಬೆಂಗಳೂರಿನಲ್ಲಿ ಅದನ್ನು ಓದಿ ಕೊಳ್ಳುವ ಜನ ಇದ್ದಾರೆ. ಅವರಲ್ಲಿ ಅರ್ಧ ಜನ ನಮ್ಮ ಊರುಗಳಿಂದಲೇ ಹೋದ ನಮ್ಮ ಮಕ್ಕಳು.