ಗಟ್ಟಿಯಾಗಿ ಹಾಡುವ ಹುಡುಗಿಯರು

“ಹೆಣ್ಣುಮಕ್ಕಳು ಮೆಲ್ಲಗೆ ಮಾತಾಡಬೇಕು” ಎಂಬುದನ್ನು ಕೇಳುತ್ತಲೇ ಬೆಳೆದವರು ನಾವು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2001ರಲ್ಲಿ ಹುಡುಗಿಯರಿಗೆಂದೇ ರಾಕ್ ಸಂಗೀತದ ಬೇಸಿಗೆ ಶಿಬಿರ ಶುರುವಾಯಿತು. 2004ರಲ್ಲಿ ನ್ಯೂಯಾರ್ಕಿನಲ್ಲೂ ಲಾಭದಾಸೆಯಿಲ್ಲದ ಅಂಥದೊಂದು ಶಿಬಿರ ಬಂತು. ಅದಕ್ಕೆ ಕಪ್ಪು ಗಾಯಕಿ ವಿಲ್ಲಿ ಮೇ ಥಾರ್ನ್‌ಟನ್ ಅವರ ಹೆಸರು. ‘ಹೌಂಡ್ ಡಾಗ್’ ಹಾಡನ್ನು 1952ರಲ್ಲೇ ಧ್ವನಿಮುದ್ರಿಸಿದವರು ಅವರು. ಕೈಗೆ ಬಂದ ಹಣ ಅಷ್ಟಕ್ಕಷ್ಟೆ. 1956ರಲ್ಲಿ ಬಿಳಿಯ ಗಾಯಕ ಎಲ್ವಿಸ್ ಪ್ರೀಸ್ಲಿ ಹಾಡಿದ ಮೇಲೆ ಅದು ಆತನದೇ ಹಾಡೆಂದು ಬಹಳ ಜನ ತಿಳಿದರು.

ಇಂಥ ಶಿಬಿರಗಳಲ್ಲಿ ವಾದ್ಯ ಮುಟ್ಟಿಯೇ ಗೊತ್ತಿಲ್ಲದವರೂ ಒಂದೇ ವಾರದಲ್ಲಿ ತಂಡ ಕಟ್ಟಿ, ಸ್ವಂತ ಹಾಡು ಬರೆದು, ಡ್ರಮ್ ಬಾರಿಸಿ ವೇದಿಕೆ ಏರುತ್ತಾರೆ. ತರಗತಿಯಲ್ಲಿ ಇದನ್ನು ಹೇಳಿದೆವು. ಸದಾ ತಲೆತಗ್ಗಿಸಿ ಕೂರುವವಳೊಬ್ಬಳು, “ಕನ್ನಡದಲ್ಲಿ ಬರೀಬಹುದಾ, ಮಿಸ್?” ಎಂದಳು. ಎಂಟು ಸಾಲು ಬಂದಿವೆ, ಕಾಗುಣಿತದ ತಪ್ಪುಗಳ ಸಮೇತ. ಕೆಂಪು ಶಾಯಿ ಸದ್ಯಕ್ಕೆ ಬೇಡ. ರಾಗ ಅವಳೇ ಹುಡುಕುತ್ತಿದ್ದಾಳೆ.